ನಾರಾದಲ್ಲಿ ಒಂದು ರಾತ್ರಿ ಉಳಿಯಿರಿ

ಊರಿಂದ ಯಾರಾದರೂ ಜಪಾನಿಗೆ ಬರ್ತೀವಿ ಅಂದರೆ, ಅವರು ಮಾಡಿಕೊಂಡ ಪ್ಲಾನ್ ಒಮ್ಮೆ ಕಳಿಸಿ ಅಂತ ಕೇಳುತ್ತೇನೆ. ಟೋಕಿಯೋ, ಫುಜಿ, ಕ್ಯೋಟೋ, ಒಸಾಕಾ ಎಲ್ಲಕ್ಕೂ ದಿನಗಟ್ಟಲೆ ಸಮಯ ಇರುತ್ತದೆ. ನಾರಾಕ್ಕೆ ಮಾತ್ರ ಅರ್ಧ ದಿನ. ಹತ್ತು ಗಂಟೆಗೆ ಇಳಿಯುವುದು, ಜಿಂಕೆಗೆ ಬಿಸ್ಕತ್ತು ತಿನ್ನಿಸುವುದು, ದೊಡ್ಡ ಬುದ್ಧನನ್ನು ನೋಡುವುದು, ಮೂರು ಗಂಟೆ ರೈಲಿಗೆ ವಾಪಸ್.

ನಾವಿರುವ ಒಸಾಕಾದಿಂದ ನಾರಾಕ್ಕೆ ಕಿಂತೆತ್ಸು ರೈಲಿನಲ್ಲಿ ನಲವತ್ತು ನಿಮಿಷ ಸಾಕು. ರಜೆ ಸಿಕ್ಕಾಗೆಲ್ಲ ಹೋಗುತ್ತಿರುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ಭಾರತದಿಂದ ಬಂದವರು ಜಪಾನಿನಲ್ಲಿ ಒಂದೇ ಒಂದು ಊರನ್ನು ನಿಧಾನವಾಗಿ ನೋಡುವುದಾದರೆ ಅದು ನಾರಾ ಆಗಿರಲಿ. ನಮ್ಮ ಕಡೆಯಿಂದ ಹೊರಟ ಎಷ್ಟೋ ದೇವರು, ಕಥೆ, ಔಷಧಿ, ವಾದ್ಯ ಚೀನಾ ದಾಟಿ, ಸಮುದ್ರ ದಾಟಿ ಕೊನೆಗೆ ಬಂದು ನಿಂತದ್ದು ಇಲ್ಲಿ. ಆಮೇಲೆ ಮುಂದಕ್ಕೆ ಹೋಗಲು ಜಾಗವೇ ಇರಲಿಲ್ಲ, ಹಾಗಾಗಿ ಇಲ್ಲೇ ಉಳಿದುಕೊಂಡವು.

710ರಿಂದ 784ರವರೆಗೆ ಜಪಾನಿನ ರಾಜಧಾನಿ ನಾರಾ. ಆಗ ಇದರ ಹೆಸರು ಹೇಯ್‌ಜೋ-ಕ್ಯೋ. ಚೀನಾದ ಚಾಂಗ್‌ಆನ್ ನಗರವನ್ನು ನೋಡಿಕೊಂಡು, ಚೌಕ ಚೌಕವಾಗಿ ಬೀದಿ ಹಾಕಿ ಕಟ್ಟಿದ ಊರು. ನಮ್ಮಲ್ಲಿ ಆಗ ಬಾದಾಮಿ ಚಾಲುಕ್ಯರ ಕಾಲ, ಪಟ್ಟದಕಲ್ಲಿನ ದೇವಸ್ಥಾನಗಳು ಏಳುತ್ತಿದ್ದ ಹೊತ್ತು. ರಾಜಧಾನಿ ಬೇರೆ ಕಡೆಗೆ ಹೋದ ಮೇಲೆ ನಾರಾದಲ್ಲಿ ದೇವಸ್ಥಾನಗಳು ಮಾತ್ರ ಉಳಿದವು.

ಎಲ್ಲರೂ ನೋಡುವ ದೊಡ್ಡ ಬುದ್ಧನಿಂದಲೇ ಶುರು ಮಾಡೋಣ. ಅದಿರುವುದು ತೋದಾಯ್‌ಜಿ ಎಂಬ ಬೌದ್ಧ ದೇವಸ್ಥಾನದಲ್ಲಿ. 735ರಿಂದ 737ರವರೆಗೆ ಜಪಾನಿನಲ್ಲಿ ಭಯಂಕರ ಸಿಡುಬು. ಆಸ್ಥಾನದ ದೊಡ್ಡ ದೊಡ್ಡವರೂ ಸತ್ತರು. ಶೋಮು ಚಕ್ರವರ್ತಿ 743ರಲ್ಲಿ ವೈರೋಚನ ಬುದ್ಧನ ಕಂಚಿನ ಮೂರ್ತಿ ಮಾಡಿಸುತ್ತೇನೆ ಎಂದು ಹೊರಟ. ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದುಕೊಡುವವರಿಗೂ ಇದರಲ್ಲಿ ಪಾಲಿದೆ ಎಂದು ಆಜ್ಞೆಯಲ್ಲೇ ಹೇಳಿದ್ದ. 752ರಲ್ಲಿ ಮೂರ್ತಿಗೆ ಕಣ್ಣು ಬರೆಯುವ ದೊಡ್ಡ ಉತ್ಸವ ನಡೆಯಿತು. ನಮ್ಮಲ್ಲಿ ನೇತ್ರೋನ್ಮೀಲನ ಅನ್ನುತ್ತೇವಲ್ಲ, ಅದೇ. ಆ ದಿನ ಕುಂಚ ಹಿಡಿದು ಕಣ್ಣು ಬರೆದವನು ಒಬ್ಬ ಭಾರತೀಯ.

ಅವನ ಹೆಸರು ಬೋಧಿಸೇನ. ಚೀನಾಕ್ಕೆ ಹೋಗಿ, ಅಲ್ಲಿಂದ 736ರಲ್ಲಿ ಜಪಾನಿಗೆ ಬಂದ ಸನ್ಯಾಸಿ. ನಾರಾದ ದಾಯ್‌ಆನ್‌ಜಿ ದೇವಸ್ಥಾನದಲ್ಲಿ ಉಳಿದ, 760ರಲ್ಲಿ ಈ ನೆಲದಲ್ಲೇ ತೀರಿಕೊಂಡ. ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿದ್ದರಂತೆ. ನೆರೆದವರು ಆ ದಾರ ಹಿಡಿದುಕೊಂಡು ನಿಂತರು, ಕಣ್ಣು ಬರೆಯುವ ಪುಣ್ಯ ಎಲ್ಲರಿಗೂ ಹಂಚಿಕೆಯಾಗಲಿ ಅಂತ. ಆ ಕುಂಚವೂ ಇದೆ, ಆ ದಾರವೂ ಇದೆ. ಹನ್ನೆರಡೂವರೆ ಶತಮಾನ ದಾಟಿದರೂ ಇವತ್ತಿಗೂ ಭದ್ರವಾಗಿವೆ. ಈ ವಿಷಯ ಗೊತ್ತಾದ ಮೇಲೆ ಆ ಬುದ್ಧನ ಎದುರು ನಾನು ನಿಲ್ಲುವ ರೀತಿಯೇ ಬದಲಾಯಿತು. ಅವನ ಮುಖ ಮೊದಲು ನೋಡುತ್ತೇನೆ, ಆಮೇಲೆ ಕಣ್ಣನ್ನೇ ಜಾಸ್ತಿ ಹೊತ್ತು ನೋಡುತ್ತೇನೆ.

ಮೂರ್ತಿ ಸುಮಾರು 15 ಮೀಟರ್ ಎತ್ತರ. 1180ರಲ್ಲಿ ಮತ್ತು 1567ರಲ್ಲಿ ಯುದ್ಧದ ಬೆಂಕಿಗೆ ಸಿಕ್ಕಿತು. ಈಗಿರುವ ತಲೆ 17ನೇ ಶತಮಾನದ ಕೊನೆಗೆ ಎರಕ ಹೊಯ್ದದ್ದು, ಅಂದರೆ ಬೋಧಿಸೇನ ಬರೆದ ಕಣ್ಣು ಈಗಿಲ್ಲ. ಮೊದಲಿನದು ಬೇಕಾದರೆ ಕೆಳಗೆ ಕಮಲದ ದಳಗಳನ್ನು ನೋಡಿ. ಕೆಲವು ದಳಗಳಲ್ಲಿ 8ನೇ ಶತಮಾನದ ಸಣ್ಣ ಗೀರುಚಿತ್ರಗಳು ಹಾಗೇ ಇವೆ. ಹೊರಗೆ ಮೆಟ್ಟಿಲ ಮುಂದಿರುವ ಎಂಟು ಮುಖದ ಕಂಚಿನ ದೀಪಸ್ತಂಭವೂ ಆ ಕಾಲದ್ದೇ. ಅದರ ಜಾಲರಿಯಲ್ಲಿ ಕೊಳಲು ಊದುವ ಬೋಧಿಸತ್ವನಿದ್ದಾನೆ. ಜನ ಬುದ್ಧನ ಕಡೆಗೆ ಓಡುವ ಅವಸರದಲ್ಲಿ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ದಯವಿಟ್ಟು ಎರಡು ನಿಮಿಷ ನಿಲ್ಲಿ.

ಮಂಟಪದಿಂದ ಹೊರಗೆ ಬಂದರೆ ಒಂದು ಬದಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಮರದ ಮುದುಕ ಕೂತಿರುತ್ತಾನೆ. ಇಲ್ಲಿಯವರು ಬಿಂಜುರು ಅನ್ನುತ್ತಾರೆ. ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜನೇ ಇವನು. ನಿಮ್ಮ ಮೈಯಲ್ಲಿ ಎಲ್ಲಿ ನೋವಿದೆಯೋ, ಅವನ ಮೈಯ ಅದೇ ಜಾಗ ಮುಟ್ಟಿ, ಆಮೇಲೆ ನಿಮ್ಮ ಮೈ ಮುಟ್ಟಿಕೊಳ್ಳಬೇಕು. ಅವನ ಮಂಡಿ ಮುಟ್ಟುವ ವಯಸ್ಸಾದವರ ಸಾಲು ಯಾವಾಗಲೂ ಇರುತ್ತದೆ.

ಬರುವಾಗ ದಾಟಿದ ನಾಂದಾಯ್‌ಮೋನ್ ಎಂಬ ದೊಡ್ಡ ಬಾಗಿಲನ್ನು ವಾಪಸ್ ಹೋಗುವಾಗ ಇನ್ನೊಮ್ಮೆ ನೋಡಿ. ಎರಡೂ ಬದಿಗೆ ಎಂಟು ಮೀಟರಿಗೂ ಎತ್ತರದ ಮರದ ದ್ವಾರಪಾಲಕರು. 1203ರಲ್ಲಿ ಉನ್‌ಕೇಯ್, ಕಾಯ್‌ಕೇಯ್ ಮತ್ತು ಅವರ ಜೊತೆಗಾರರು 69 ದಿನದಲ್ಲಿ ಕೆತ್ತಿ ಮುಗಿಸಿದ್ದು. ತಂತಿ ಜಾಲರಿ ಅಡ್ಡ ಇದೆ, ಪಾರಿವಾಳದ ಕಾಟಕ್ಕೆ. ಸಂಜೆ ಬೆಳಕು ಬಿದ್ದಾಗ ಜಾಲರಿ ಮರೆತೇ ಹೋಗುತ್ತದೆ.

ಇನ್ನು ಅರ್ಧ ದಿನದವರಿಗೆ ಸಿಗದೇ ಹೋಗುವ ಜಾಗಗಳು. ಬುದ್ಧನ ಮಂಟಪದಿಂದ ಪೂರ್ವಕ್ಕೆ ಗುಡ್ಡ ಹತ್ತಿದರೆ ಸಾಂಗತ್ಸುದೋ ಎಂಬ ಹಳೇ ಮಂದಿರ. ಒಳಗೆ ಎಂಟು ತೋಳಿನ, ಹಣೆಗಣ್ಣಿನ ಅಮೋಘಪಾಶ ಅವಲೋಕಿತೇಶ್ವರ, ಅಂದರೆ ಕರುಣೆಯ ಬೋಧಿಸತ್ವ. ಅವನ ಅಕ್ಕಪಕ್ಕ ಬ್ರಹ್ಮ ಮತ್ತು ಇಂದ್ರ. ಇಲ್ಲಿನ ಹೆಸರು ಬೊಂತೆನ್, ತಾಯ್‌ಶಾಕುತೆನ್. ಬ್ರಹ್ಮನಿಗೆ ಇಲ್ಲಿ ಒಂದೇ ತಲೆ, ಇಂದ್ರನಿಗೆ ಆನೆ ಇಲ್ಲ, ಇಬ್ಬರ ಉಡುಪೂ ಚೀನೀ. ಆದರೂ ಹೆಸರು ಓದಿದ ಕೂಡಲೇ ನಮ್ಮವರು ಅನ್ನಿಸಿಬಿಡುತ್ತದೆ. ಕೂರಲು ಜಾಗ ಮಾಡಿದ್ದಾರೆ. ಸುಮ್ನೆ ಕೂತು ನೋಡಬಹುದು, ಯಾರೂ ಏಳಿ ಅನ್ನುವುದಿಲ್ಲ. ಇದೇ ಮಂದಿರದಲ್ಲಿದ್ದ ಸರಸ್ವತಿ ಮತ್ತು ಲಕ್ಷ್ಮಿಯ ಮಣ್ಣಿನ ಮೂರ್ತಿಗಳನ್ನು ಈಗ ಕೆಳಗಿನ ತೋದಾಯ್‌ಜಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಈ ಸರಸ್ವತಿಗೂ ಎಂಟು ತೋಳು, ಕೈಯಲ್ಲಿ ವೀಣೆ ಇಲ್ಲ. ಮಣ್ಣು ಅಲ್ಲಲ್ಲಿ ಉದುರಿದೆ. ಮುಖ ಮಾತ್ರ ಪ್ರಶಾಂತವಾಗಿದೆ.

ನನಗೆ ಎಲ್ಲಕ್ಕಿಂತ ಇಷ್ಟದ್ದು ಕೋಫುಕುಜಿ ದೇವಸ್ಥಾನದ ಅಸುರ. ಈ ದೇವಸ್ಥಾನ ಕಿಂತೆತ್ಸು ಸ್ಟೇಷನ್ನಿನಿಂದ ಐದೇ ನಿಮಿಷದ ನಡಿಗೆ. ಅಲ್ಲಿನ ಐದು ಅಂತಸ್ತಿನ ಗೋಪುರಕ್ಕೆ ದೊಡ್ಡ ರಿಪೇರಿ ನಡೆಯುತ್ತಿದೆ, ಇನ್ನೂ ಕೆಲವು ವರ್ಷ ಮುಚ್ಚಿಯೇ ಇರುತ್ತದೆ. ಅದಕ್ಕೆ ಬೇಜಾರು ಮಾಡಿಕೊಂಡು ವಾಪಸ್ ಹೋಗಬೇಡಿ. ಪಕ್ಕದ ಕೊಕುಹೋಕಾನ್ ಎಂಬ ನಿಧಿಮನೆಗೆ ಟಿಕೆಟ್ ತೆಗೆದುಕೊಳ್ಳಿ.

ಅಸುರ ಇರುವುದು ಅಲ್ಲೇ. 734ರ ಮೂರ್ತಿ. ಮೂರು ಮುಖ, ಆರು ತೋಳು, ಎತ್ತರ ಸುಮಾರು ಒಂದೂವರೆ ಮೀಟರ್. ಎದೆಯ ಮುಂದೆ ಎರಡು ಕೈ ಮುಗಿದಿದೆ, ಉಳಿದ ನಾಲ್ಕು ತೆಳ್ಳಗೆ, ಉದ್ದಕ್ಕೆ ಗಾಳಿಯಲ್ಲಿ ಚಾಚಿವೆ. ಆಯುಧವಿಲ್ಲ, ಕೋರೆಹಲ್ಲಿಲ್ಲ. ಮುಖ ಹದಿನಾಲ್ಕು ಹದಿನೈದು ವರ್ಷದ ಹುಡುಗನದು, ಹುಬ್ಬು ಸ್ವಲ್ಪ ಗಂಟಿಕ್ಕಿದೆ. ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅವಳು ತುಂಬಾ ಹೊತ್ತು ನೋಡಿ, "ಇವನು ಅಸುರ ಅಂತೀಯಲ್ಲೇ, ಯಾರೋ ಬೈದು ಕಳಿಸಿದ ಹುಡುಗನ ಹಾಗಿದಾನೆ ಕಣೇ" ಅಂದಳು. ಯುದ್ಧ ಬಿಟ್ಟು ಬುದ್ಧನ ಮಾತು ಕೇಳಿ, ಧರ್ಮ ಕಾಯಲು ನಿಂತವನು ಅಂತ ಹೇಳಿದೆ. "ಅದಕ್ಕೇ ಕಣೇ, ಮುಖದಲ್ಲಿ ಪಶ್ಚಾತ್ತಾಪ ಕಾಣ್ತದೆ" ಅಂದಳು. ಜಪಾನೀ ವಿದ್ವಾಂಸರೂ ಆ ಮುಖದ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಬರೆದಿದ್ದಾರೆ.

ಈ ಮೂರ್ತಿ ಮರದ್ದೂ ಅಲ್ಲ, ಲೋಹದ್ದೂ ಅಲ್ಲ. ಮೊದಲು ಮಣ್ಣಿನಲ್ಲಿ ಆಕಾರ ಮಾಡಿ, ಅದರ ಮೇಲೆ ಸೆಣಬಿನಂಥ ನಾರಿನ ಬಟ್ಟೆಯನ್ನು ಉರುಶಿ ಮರದ ಅರಗಿನಲ್ಲಿ ಅದ್ದಿ ಪದರ ಪದರವಾಗಿ ಅಂಟಿಸುತ್ತಿದ್ದರು. ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದು ಮರದ ಚೌಕಟ್ಟು ಕೂರಿಸುತ್ತಿದ್ದರು. ಒಳಗೆ ಪೂರ್ತಿ ಟೊಳ್ಳು. ಹಾಗಾಗಿ ಇದರ ತೂಕ ಹದಿನೈದು ಕಿಲೋ ಆಸುಪಾಸು, ಅಷ್ಟೇ. ಕೋಫುಕುಜಿಗೆ ಬೆಂಕಿ ಬಿದ್ದದ್ದು ಒಂದೆರಡು ಸಲವಲ್ಲ. ಎತ್ತಿಕೊಂಡು ಓಡಬಹುದಾದಷ್ಟು ಹಗುರ ಇದ್ದದ್ದರಿಂದಲೇ ಅಸುರ ಬದುಕಿ ಉಳಿದ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಅದೂ ಒಳ್ಳೆಯದೇ, ಕಣ್ಣಿನಲ್ಲಿ ನೋಡುತ್ತೀರಿ.

ಜಿಂಕೆಗಳ ವಿಷಯ ಹೇಳದಿದ್ದರೆ ಮಕ್ಕಳು ಬಿಡುವುದಿಲ್ಲ. ಊರಿನ ಪಾರ್ಕಿನಲ್ಲಿ 1,300ಕ್ಕೂ ಹೆಚ್ಚು ಇವೆ. ಸಾಕಿದವಲ್ಲ, ಕಾಡಿನವೇ. ಕಾಸುಗಾ ತೈಶಾ ದೇವಸ್ಥಾನದ ದೇವರು ಬಿಳಿ ಜಿಂಕೆ ಏರಿ ಬಂದನೆಂಬ ನಂಬಿಕೆ ಇದೆ. ಹಾಗಾಗಿ ಶತಮಾನಗಳಿಂದ ಅವನ್ನು ಪವಿತ್ರ ಅಂತಲೇ ನೋಡುತ್ತಾರೆ. ತಲೆ ಬಗ್ಗಿಸಿದರೆ ಅವೂ ಬಗ್ಗಿಸುತ್ತವೆ, ನಿಜ. ಆದರೆ ಬಿಸ್ಕತ್ತು ಕೈಯಲ್ಲಿ ಹಿಡಿದು ಆಟ ಆಡಿಸಿದರೆ ಕಚ್ಚುತ್ತವೆ. ಪಾರ್ಕಿನಲ್ಲಿ ಮಾರುವ ಬಿಸ್ಕತ್ತು ಬಿಟ್ಟು ಬೇರೇನೂ ಹಾಕಬೇಡಿ. ಅದರಲ್ಲಿರುವುದು ಅಕ್ಕಿ ತೌಡು ಮತ್ತು ಹಿಟ್ಟು. 2019ರಲ್ಲಿ ಸತ್ತ ಜಿಂಕೆಗಳಲ್ಲಿ ಹಲವುದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕವರಿನ ಮುದ್ದೆ ಸಿಕ್ಕಿತು. ನೀವು ತಂದ ಚಿಪ್ಸ್ ಪ್ಯಾಕೆಟ್ ಬ್ಯಾಗಿನಿಂದ ಹೊರಗೆ ತೆಗೆಯಲೇಬೇಡಿ.

ಕಾಸುಗಾ ತೈಶಾ ಶುರುವಾದದ್ದು 768ರಲ್ಲಿ. ದಾರಿಯುದ್ದಕ್ಕೂ ಪಾಚಿ ಹಿಡಿದ ಕಲ್ಲಿನ ದೀಪಗಳು, ಒಳಗೆ ತೂಗುವ ಕಂಚಿನ ದೀಪಗಳು, ಒಟ್ಟು ಸುಮಾರು 3,000. ಎಲ್ಲವನ್ನೂ ಹಚ್ಚುವುದು ಫೆಬ್ರವರಿಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಮಾತ್ರ. ಬೇರೆ ದಿನ ಹೋದರೂ ಒಂದು ಕತ್ತಲೆ ಕೋಣೆಯಲ್ಲಿ ಕೆಲವನ್ನು ಹಚ್ಚಿಟ್ಟಿರುತ್ತಾರೆ. ಹಿಂದಿನ ಗುಡ್ಡದ ಕಾಡಿನಲ್ಲಿ ಮರ ಕಡಿಯುವುದು, ಬೇಟೆಯಾಡುವುದು 841ರಿಂದ ನಿಷೇಧ. ನಮ್ಮ ದೇವರಕಾಡುಗಳನ್ನು ನೋಡಿ ಬೆಳೆದವಳಿಗೆ ಆ ಕಾಡಿನ ಅಂಚಿನಲ್ಲಿ ನಡೆಯುವುದೇ ಖುಷಿ.

ಅಕ್ಟೋಬರ್ ಕೊನೆಗೆ ಬರುವವರಿಗೆ ಇನ್ನೊಂದು ಭಾಗ್ಯವಿದೆ. ಶೋಮು ಚಕ್ರವರ್ತಿ 756ರಲ್ಲಿ ತೀರಿಕೊಂಡಾಗ ರಾಣಿ ಕೋಮ್ಯೋ ಅವನ ವಸ್ತುಗಳನ್ನೆಲ್ಲ ತೋದಾಯ್‌ಜಿಗೆ ಕೊಟ್ಟುಬಿಟ್ಟಳು. ಅವು ಶೋಸೋಇನ್ ಎಂಬ ಮರದ ಉಗ್ರಾಣದಲ್ಲಿ ಉಳಿದವು. ಬೋಧಿಸೇನನ ಕುಂಚ ಉಳಿದದ್ದೂ ಅಲ್ಲೇ. ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ, ಕೆಲವನ್ನು ಆರಿಸಿ ನಾರಾ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ತೋರಿಸುತ್ತಾರೆ. ಪ್ರತಿ ವರ್ಷ ಬೇರೆ ಬೇರೆ ವಸ್ತು. ಐದು ತಂತಿಯ ಒಂದು ವಾದ್ಯವಿದೆ, ಅದರ ಮೇಲೆ ಒಂಟೆ ಸವಾರನ ಚಿಪ್ಪಿನ ಕುಸುರಿ. ಇಂಥ ವಾದ್ಯಕ್ಕೆ ಇಲ್ಲಿ ಬಿವಾ ಅನ್ನುತ್ತಾರೆ. ಆ ಕಾಲದ ಐದು ತಂತಿಯ ಬಿವಾ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ. ಅದರ ಮೂಲ ಭಾರತ ಎನ್ನುತ್ತಾರೆ.

ಆದರೆ ನನ್ನ ಮನಸ್ಸು ಹಿಡಿದದ್ದು ರಾಣಿ ಕೊಟ್ಟ ಔಷಧಿಗಳ ಪಟ್ಟಿ. ಅರವತ್ತು ಔಷಧಿಗಳ ಹೆಸರು, ತೂಕ, ಬರೆದ ದಿನಾಂಕ ಎಲ್ಲ ಇದೆ. ಕಾಯಿಲೆಯವರಿಗೆ ಬೇಕಾದರೆ ತೆಗೆದು ಕೊಡಿ ಎಂದು ಅವಳೇ ಬರೆಸಿದ್ದಾಳೆ. ಅದರಲ್ಲಿ ಕಾಳುಮೆಣಸಿದೆ, ಹಿಪ್ಪಲಿ ಇದೆ, ಅಳಲೆಕಾಯಿ ಇದೆ, ಅಡಿಕೆಯೂ ಇದೆ! ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಆ ಸಾಲು ಓದಿ ಎದೆ ತುಂಬಿ ಬಂತು. ಅಜ್ಜಿಯ ಮದ್ದಿನ ಡಬ್ಬಿಯಲ್ಲಿದ್ದ ಅದೇ ಅಳಲೆಕಾಯಿ ಹಡಗು ಹತ್ತಿ ಇಲ್ಲಿಗೆ ಬಂದು, ರಾಣಿಯೊಬ್ಬಳ ಉಗ್ರಾಣ ಸೇರಿತ್ತು.

ರಾತ್ರಿ ಉಳಿಯಿರಿ ಅಂದದ್ದು ನಿಗತ್ಸುದೋಗಾಗಿ. ಸಾಂಗತ್ಸುದೋ ಪಕ್ಕದಲ್ಲೇ, ಗುಡ್ಡದ ಮೇಲೆ ಮರದ ಕಂಬಗಳ ಮೇಲೆ ನಿಂತ ಮಂದಿರ. ಟಿಕೆಟ್ ಇಲ್ಲ, ಜಗಲಿಗೆ ಇಡೀ ರಾತ್ರಿ ಹೋಗಬಹುದು. ಐದು ಗಂಟೆಗೆ ಟೂರಿಸ್ಟ್ ಬಸ್ಸುಗಳು ಖಾಲಿಯಾಗುತ್ತವೆ. ಆಗ ಮೇಲೆ ಹತ್ತಿ. ಎದುರಿಗೆ ಬುದ್ಧನ ಮಂಟಪದ ಮಾಡು, ಅದರಾಚೆ ಊರು, ಊರಿನಾಚೆ ಇಕೋಮಾ ಬೆಟ್ಟಗಳ ಹಿಂದೆ ಮುಳುಗುವ ಸೂರ್ಯ. ಮಾರ್ಚ್ 1ರಿಂದ 14ರವರೆಗೆ ಇಲ್ಲಿ ಓಮಿಜುತೋರಿ ಎಂಬ ಉತ್ಸವ ನಡೆಯುತ್ತದೆ. ದೊಡ್ಡ ದೊಡ್ಡ ಪಂಜು ಹೊತ್ತು ಜಗಲಿಯಲ್ಲಿ ಓಡುತ್ತಾರೆ, ಕಿಡಿ ಮಳೆಯಂತೆ ಸುರಿಯುತ್ತದೆ. ಆ ಕಿಡಿ ಮೈಮೇಲೆ ಬಿದ್ದರೆ ವರ್ಷವಿಡೀ ಆರೋಗ್ಯ ಅಂತ ನಂಬಿಕೆ. 752ರಿಂದ ಒಂದು ವರ್ಷವೂ ತಪ್ಪಿಲ್ಲ. 12ನೇ ತಾರೀಕು ವಿಪರೀತ ಜನ, ಅವತ್ತು ಬಿಟ್ಟು ಬೇರೆ ದಿನ ಹೋಗಿ.

ಮಾರನೇ ದಿನ ಬೆಳಿಗ್ಗೆ ನಾರಾಮಾಚಿಯ ಹಳೇ ಬೀದಿಗಳಲ್ಲಿ ನಡೆದು ಗಾಂಗೋಜಿ ದೇವಸ್ಥಾನಕ್ಕೆ ಹೋಗಿ. ಹಿಂದಿನ ಅಂಗಳಕ್ಕೆ ಹೋಗಿ ಮಾಡು ನೋಡಿ. ಒಂದು ಬದಿಯ ಹೆಂಚುಗಳು ಕೆಂಪು, ಕಂದು, ಕಪ್ಪು ಬಣ್ಣ ಬೆರೆತು ಏರುಪೇರಾಗಿವೆ. ಕೆಲವು 6ನೇ ಶತಮಾನದ ಕೊನೆಯ ಕಾಲದವು. ಹಳೇ ದೇವಸ್ಥಾನದಿಂದ ತಂದು ಹೊದಿಸಿದ್ದು, ಈಗಲೂ ಮಳೆ ತಡೆಯುತ್ತಿವೆ.

ಆಮೇಲೆ ಜೆಆರ್ (ಕಿಂತೆತ್ಸು ಅಲ್ಲದ ಇನ್ನೊಂದು ಕಂಪನಿ) ರೈಲು ಹಿಡಿದರೆ ಹನ್ನೆರಡು ನಿಮಿಷಕ್ಕೆ ಹೋರ್ಯೂಜಿ ಸ್ಟೇಷನ್. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು ಹೋರ್ಯೂಜಿ ದೇವಸ್ಥಾನದಲ್ಲಿವೆ. ಗೋಪುರದ ನಡುಗಂಬದ ಮರ ಕಡಿದದ್ದು 594ರಲ್ಲಿ ಎಂದು ಅದರ ಉಂಗುರ ಎಣಿಸಿ ಹೇಳಿದ್ದಾರೆ. ಮುಖ್ಯ ಮಂಟಪದ ಗೋಡೆಗಳಲ್ಲಿ ಅಜಂತಾವನ್ನು ನೆನಪಿಸುವ ಚಿತ್ರಗಳಿದ್ದವು. 1949ರ ಜನವರಿ 26ರಂದು ಬೆಂಕಿಗೆ ಸುಟ್ಟುಹೋದವು. ಆ ದುಃಖದಿಂದಲೇ ಮರುವರ್ಷ ಇಲ್ಲಿ ಪಾರಂಪರಿಕ ವಸ್ತುಗಳ ರಕ್ಷಣೆಯ ಕಾನೂನು ಬಂತು. ಈಗಲೂ ಪ್ರತಿ ಜನವರಿ 26ಕ್ಕೆ ಜಪಾನಿನ ದೇವಸ್ಥಾನಗಳಲ್ಲಿ ಬೆಂಕಿ ಆರಿಸುವ ತಾಲೀಮು ನಡೆಯುತ್ತದೆ.

ಊಟದ ಬಗ್ಗೆ: ಸಸ್ಯಾಹಾರಿಗಳು ಮೊದಲೇ ತಯಾರಾಗಿ ಬನ್ನಿ. ಸೂಪು, ಉದೋನ್ ಎಂಬ ದಪ್ಪ ಶಾವಿಗೆ ಎಲ್ಲದರ ಸಾರಿನಲ್ಲೂ ಮೀನಿರುತ್ತದೆ, ಮೇಲೆ ಕಾಣುವುದಿಲ್ಲ. ಚಗಾಯು ಕೇಳಿ, ಅದು ಹುರಿದ ಚಹಾದ ನೀರಿನಲ್ಲಿ ಬೇಯಿಸಿದ ಗಂಜಿ, ನಾರಾದವರ ಬೆಳಗಿನ ಊಟ. ಹೊಟ್ಟೆಗೆ ತಂಪು. ಆದರೂ ಮೀನಿನ ಸಾರು ಹಾಕಿಲ್ಲ ತಾನೇ ಅಂತ ಕೇಳಿಕೊಂಡೇ ತಿನ್ನಿ. ಸಾಂಜೋ ಬೀದಿಯಲ್ಲಿ ಹಸಿರು ಮೋಚಿಯನ್ನು (ಅಂಟು ಅಕ್ಕಿಯ ಉಂಡೆ) ಒರಳಲ್ಲಿ ಕುಟ್ಟಿ ಅಲ್ಲೇ ಬಿಸಿಬಿಸಿ ಕೊಡುತ್ತಾರೆ. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಮೇಲೆ ಹುರಿದ ಸೋಯಾ ಹಿಟ್ಟು. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವುದಾದರೆ ಜುಲೈ, ಆಗಸ್ಟ್ ಬೇಡ, ಸೆಖೆ ತಡೆಯಲಾಗುವುದಿಲ್ಲ. ಏಪ್ರಿಲ್ ಅಥವಾ ನವೆಂಬರ್ ನೋಡಿ. ರೂಮನ್ನು ಕಿಂತೆತ್ಸು ಸ್ಟೇಷನ್ ಹತ್ತಿರವೇ ಮಾಡಿ, ಜೆಆರ್ ಕಡೆ ಬೇಡ. ಪಾರ್ಕ್ ಹತ್ತಿರವಾಗುತ್ತದೆ, ಸಂಜೆ ನಿಗತ್ಸುದೋದಿಂದ ಇಳಿದು ಬರುವಾಗ ವಯಸ್ಸಾದವರ ಕಾಲಿಗೂ ಸುಲಭ.