ಸ್ಪೋರ್ಟ್ಸ್ ರೂಮಿನ ಚಿಲಕ

ನಾವು 2009ರ ಎಸ್ಸೆಸ್ಸೆಲ್ಸಿ ಬ್ಯಾಚು. ನಮ್ಮ ಕ್ಲಾಸಲ್ಲಿ ಒಬ್ಬಳಿದ್ಳು, ಹಾಜರಿ ಪುಸ್ತಕದಲ್ಲಿ ಹೆಸರು ಹುಡುಗರ ಸಾಲಲ್ಲೇ ಇತ್ತು, ಆಗ ನಾವೂ ಅವನು ಅಂತಾನೇ ಅಂತಿದ್ವಿ, ಈಗ ಅವಳು. ಹೆಸರು ಬೇಡ ಅಂದಿದಾಳೆ, ಹಾಕಲ್ಲ. ಖೋಖೋದಲ್ಲಿ ಅವಳು ಕಂಬ ಸುತ್ತಿ ಬರೋದು ಕಣ್ಣಿಗೇ ಸಿಗ್ತಿರ್ಲಿಲ್ಲ. ಆದ್ರೆ ಮ್ಯಾಚ್ ದಿನ ಡ್ರೆಸ್ ಬದಲಾಯಿಸೋಕೆ ಇದ್ದಿದ್ದು ಒಂದು ಕ್ಲಾಸ್‌ರೂಮು, ಕಿಟಕಿಗೆ ಪೇಪರ್ ಅಂಟಿಸಿ ಹುಡುಗರೆಲ್ಲ ಒಟ್ಟಿಗೆ, ಒಬ್ಬರ ಚಡ್ಡಿ ಒಬ್ಬರು ಎಳೆಯೋದು, ಕೂಗಾಟ. ಅವಳು ಯೂನಿಫಾರ್ಮ್ ಒಳಗೇ ಜರ್ಸಿ ಹಾಕ್ಕೊಂಡು ಬರೋಳು, ಆಟ ಮುಗಿದ್ಮೇಲೆ ಬೆವರಲ್ಲೇ ಮನೆಗೆ. ಹುಡುಗೀರ ರೂಮಿಗೆ ಕಳ್ಸಿ ಅಂತ ಒಬ್ರು ಟೀಚರ್ ಅಂದ್ರಂತೆ, ಹುಡುಗೀರು ಒಪ್ಲಿಲ್ಲ. ಅವರನ್ನೂ ಬೈಯೋಕಾಗಲ್ಲ ಬಿಡಿ, ತಮ್ಮತಮ್ಮೊಳಗೇ ನಾಚ್ಕೊಂಡು ಗೋಡೆ ಕಡೆ ತಿರುಗಿ ಬಟ್ಟೆ ಹಾಕ್ಕೊಳ್ಳೋ ವಯಸ್ಸು ಅದು.

ನಮ್ಮ ಹೊಸಪೇಟೆ ಕಡೆ, ಗಂಡಾಗಿ ಹುಟ್ಟಿ ದೇವಿ ಹೆಸರಲ್ಲಿ ಹೆಣ್ಣಾಗಿ ಬದುಕೋ ಜೋಗತಿಯರು ಹೊಸಬರೇನಲ್ಲ. ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋದ್ರೆ ಅವರ ಕಾಲಿಗೆ ಬೀಳೋ ಜನಾನೇ ಸ್ಕೂಲಲ್ಲಿ ಅಂಥ ಮಗು ಕಂಡ್ರೆ ಕಿಸಕ್ಕಂತ ನಗ್ತಾರೆ. 2021ರಲ್ಲಿ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ತುಂಬಾ ಚಪ್ಪಾಳೆ, ಅದ್ರಲ್ಲಿ ಇವಳನ್ನ ಗೋಳು ಹೊಯ್ಕೊಂಡವರದ್ದೇ ಜಾಸ್ತಿ!

ಪಿ.ಟಿ. ಸರ್ ಮಾತ್ರ ಭಾಷಣ ಗೀಷಣ ಏನೂ ಮಾಡ್ಲಿಲ್ಲ. ಸುಣ್ಣದ ಪುಡಿ ಚೀಲ, ತುಕ್ಕು ಹಿಡಿದ ಶಾಟ್‌ಪುಟ್ ಗುಂಡು, ಗಾಳಿ ಹೋದ ವಾಲಿಬಾಲ್ ತುಂಬಿದ್ದ ಸ್ಪೋರ್ಟ್ಸ್ ರೂಮನ್ನ ಖಾಲಿ ಮಾಡ್ಸಿ ಬಾಗಿಲ ಒಳಗಡೆ ಒಂದು ಚಿಲಕ ಹಾಕ್ಸಿದ್ರು, ಅಷ್ಟೇ. ಯಾರಿಗ್ ಬೇಕೋ ಅವರು ಒಬ್ಬೊಬ್ಬರೇ ಹೋಗ್ರಿ, ಯಾಕಂತ ಯಾರೂ ಕೇಳಂಗಿಲ್ಲ ಅಂದ್ರು. ಮೊದಲು ಅವಳೊಬ್ಬಳೇ ಹೋಗ್ತಿದ್ದಾಗ ಅದು ಅವಳ ರೂಮು ಅಂತ ಹೆಸರು ಬಿತ್ತು, ಕೀಟಲೆ ಇನ್ನೂ ಜಾಸ್ತಿ ಆಯ್ತು. ಆಮೇಲೆ ಬೆನ್ನ ಮೇಲೆ ತೊನ್ನು ಇದ್ದ ಹುಡುಗ ಹೋದ, ದಪ್ಪಗಿದ್ದಾನೆ ಅಂತ ಎಲ್ರೂ ಚಿವುಟ್ತಿದ್ದ ನಮ್ಮ ಗೋಲ್‌ಕೀಪರ್ ಹೋದ, ಇಬ್ರು ಹುಡುಗೀರೂ ಹೋದ್ರು, ನೋಡನೋಡ್ತಾ ಅಲ್ಲಿ ಕ್ಯೂ! ಬಚ್ಚಿಟ್ಕೊಳ್ಳೋದು ಎಲ್ರಿಗೂ ಏನೋ ಒಂದು ಇದ್ದೇ ಇತ್ತು.

ಟ್ರಾನ್ಸ್‌ಜೆಂಡರ್ ಜನರನ್ನ ತೃತೀಯ ಲಿಂಗ ಅಂತ ಒಪ್ಪಿದ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು ಇದಾದ್ಮೇಲೆ, 2014ರಲ್ಲಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಇಂಥ ಮಕ್ಕಳಿಗೆ ಪಾಠದ ಜೊತೆ ಆಟಕ್ಕೂ ಭೇದಭಾವ ಇಲ್ದೆ ಅವಕಾಶ ಕೊಡ್ಬೇಕು ಅನ್ನುತ್ತೆ. 2021ರಲ್ಲಿ ಶಾಲೆ ಪಠ್ಯಪುಸ್ತಕ ತರೋ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಈ ವಿಷಯಕ್ಕೇ ಟೀಚರ್‌ಗಳಿಗೆ ಕೈಪಿಡಿ ತಂದು, ಗಲಾಟೆ ಆಯ್ತು ಅಂತ ವೆಬ್‌ಸೈಟಿಂದ ತೆಗೆದೂ ಬಿಡ್ತು. ಇಂಥ ಮಕ್ಕಳದ್ದೂ ಉಳಿದ ಮಕ್ಕಳದ್ದೂ ಮರ್ಯಾದೆ ಉಳಿಸೋ ಕೆಲಸ ಚಿಲಕದಿಂದ ಆಗೋವಾಗ ಅಷ್ಟೊಂದು ಹೆದರೋದ್ಯಾಕೋ ಗೊತ್ತಾಗಲ್ಲ.

ಈಗ ಸ್ಕೂಲಿಗೆ ಹೊಸ ಆಟದ ಹಾಲ್ ಕಟ್ಟೋಕೆ ನಾವೆಲ್ಲ ದುಡ್ಡು ಹಾಕ್ತಿದೀವಿ. ಪ್ಲಾನ್‌ನಲ್ಲಿ ಬಾಲಕರು, ಬಾಲಕಿಯರು ಅಂತ ಎರಡು ದೊಡ್ಡ ರೂಮಷ್ಟೇ ಇದೆ, ಜೊತೆಗೆ ಬೋರ್ಡಿಲ್ಲದ ನಾಲ್ಕು ಸಣ್ಣ ರೂಮು ಸೇರ್ಸಿ ಅಂತ ಕಮಿಟಿಗೆ ಬರೆದಿದೀನಿ. ಅವಳಿಗೂ ಪ್ಲಾನ್ ಕಳಿಸ್ದೆ. ದುಡ್ಡು ಹಾಕಿ ಒಂದೇ ಸಾಲು ಮೆಸೇಜ್ ಮಾಡಿದ್ಳು: "ಬಾಗ್ಲು ನೆಲಕ್ಕೆ ಮುಟ್ಟಂಗಿರ್ಲಿ, ಕೆಳಗಿಂದ ಬಗ್ಗಿ ನೋಡ್ತಾರೆ."