ಹುಬ್ಬಿನ ತುದಿ ಬೋಳಾಗುತ್ತಿದೆಯೇ? ಮೊದಲು ಅದರ ಕೆಳಗಿನ ಚರ್ಮ ನೋಡಿ

ಹುಬ್ಬು ತೆಳ್ಳಗಾಗಿದೆ ಅನ್ನಿಸಿದರೆ ಬಹಳಷ್ಟು ಜನ ಎಣ್ಣೆ, ಸೀರಮ್ ಹುಡುಕುತ್ತಾರೆ. ಅದಕ್ಕೂ ಮುಂಚೆ ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಹಿಡಿದು ಎರಡು ವಿಷಯ ಗಮನಿಸಿ: ಕೂದಲು ಯಾವ ಭಾಗದಲ್ಲಿ ಹೋಗಿದೆ, ಆ ಜಾಗದ ಚರ್ಮ ಹೇಗಿದೆ.

ಎರಡೂ ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ, ಅಂದರೆ ಕಿವಿಯ ಕಡೆಯ ತುದಿ, ನಿಧಾನವಾಗಿ ವಿರಳವಾದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿರಬಹುದು. ಹಾರ್ಮೋನ್ ಸಾಲದಾದಾಗ ಉದುರಿದ ಕೂದಲಿನ ಬುಡದಿಂದ ಹೊಸದು ಬೇಗ ಹುಟ್ಟುವುದಿಲ್ಲ. ಜೊತೆಗೆ ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ ಇದ್ದರೆ ಅನುಮಾನ ಬಲವಾಗುತ್ತದೆ. ಆದರೆ ಹುಬ್ಬು ನೋಡಿಯೇ ಥೈರಾಯ್ಡ್ ಅಂದುಬಿಡುವುದು ತಪ್ಪು. ಇಸುಬು ಇದ್ದವರು ತುರಿಕೆಗೆ ಉಜ್ಜಿ ಉಜ್ಜಿ ಇದೇ ತುದಿಯನ್ನು ಕಳೆದುಕೊಳ್ಳುತ್ತಾರೆ. ಅವರ ಚರ್ಮ ಒರಟಾಗಿ, ದಪ್ಪಗಾಗಿರುತ್ತದೆ.

ಖಚಿತಪಡಿಸುವುದು ಟಿಎಸ್‌ಎಚ್ ಮತ್ತು ಫ್ರೀ ಟಿ4 ರಕ್ತಪರೀಕ್ಷೆ. ಟಿ4 ಅಂದರೆ ಥೈರಾಯ್ಡ್ ಹಾರ್ಮೋನ್; ಅದು ಕಡಿಮೆಯಾದಾಗ ಥೈರಾಯ್ಡನ್ನು ಚುರುಕುಗೊಳಿಸುವ ಟಿಎಸ್‌ಎಚ್ ಹಾರ್ಮೋನ್ ಸಾಮಾನ್ಯವಾಗಿ ಏರುತ್ತದೆ. ಇಲ್ಲೊಂದು ಎಡವಟ್ಟು ಆಗುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ (ಒಂದು ವಿಟಮಿನ್) ಮಾತ್ರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ, ಇರುವ ಕೊರತೆ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ಡೋಸ್ ತುಂಬಾ ಹೆಚ್ಚಿದ್ದರೆ ಇನ್ನೂ ಮುಂಚೆಯೇ ವೈದ್ಯರನ್ನು ಕೇಳಿ. ರಕ್ತಹೀನತೆಯ ಲಕ್ಷಣಗಳಿದ್ದರೆ ಮೈಯಲ್ಲಿರುವ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಿ.

ಥೈರಾಯ್ಡ್ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, 30ರಿಂದ 60 ನಿಮಿಷ ಬಿಟ್ಟು ತಿನ್ನಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ, ಇಲ್ಲವಾದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡುತ್ತಾರೆ. ರಿಪೋರ್ಟ್ ಸರಿಹೋದ ಮೇಲೂ ಹುಬ್ಬು ತುಂಬಲು ತಿಂಗಳುಗಳೇ ಬೇಕು. ಇನ್ನೂ ಬಂದಿಲ್ಲವೆಂದು ಮಾತ್ರೆ ಬಿಡುವುದು, ತಾವಾಗಿಯೇ ಡೋಸ್ ಏರಿಸುವುದು ಎರಡೂ ಬೇಡ.

ತಡ ಮಾಡಲೇಬಾರದ ಸಂದರ್ಭಗಳೂ ಇವೆ. ಮುಟ್ಟು ನಿಂತ ಮಹಿಳೆಯರಲ್ಲಿ ಹುಬ್ಬು ಹೋಗಿ, ಹಣೆಯ ಕೂದಲಂಚೂ ಹಿಂದೆ ಸರಿಯುತ್ತಿದ್ದರೆ, ಅಲ್ಲಿನ ಚರ್ಮ ನುಣುಪಾಗಿ ಕೂದಲಿನ ರಂಧ್ರಗಳೇ ಕಾಣದಿದ್ದರೆ, ಅದು ಫ್ರಂಟಲ್ ಫೈಬ್ರೋಸಿಂಗ್ ಅಲೊಪೀಶಿಯಾ, ಅಂದರೆ ಕೂದಲಿನ ಬುಡವನ್ನೇ ಕಲೆಗಟ್ಟಿಸುವ ಕಾಯಿಲೆ, ಇರಬಹುದು. ಇದರಲ್ಲಿ ಹುಬ್ಬು ಹಣೆಗಿಂತ ಮೊದಲೇ ಹೋಗುವುದುಂಟು. ಬುಡವೇ ಕಲೆಗಟ್ಟಿ ಸತ್ತರೆ ಕೂದಲು ಮರಳುವುದಿಲ್ಲ, ಚಿಕಿತ್ಸೆ ಉಳಿದದ್ದನ್ನು ಕಾಪಾಡಬಲ್ಲದು ಅಷ್ಟೇ. ಹುಬ್ಬಿನ ಜೊತೆ ಕಿವಿಯ ಹಾಲೆ ದಪ್ಪಗಾಗಿದ್ದರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಅದು ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ, ನಾಚಿಕೆಯಿಂದ ಮುಚ್ಚಿಟ್ಟು ತಡ ಮಾಡಿದರೆ ನರಗಳು ಶಾಶ್ವತವಾಗಿ ಹಾಳಾಗಬಹುದು.

ದುಂಡಗೆ, ಥಟ್ಟನೆ ಬೋಳಾದರೆ ಅಲೊಪೀಶಿಯಾ ಏರಿಯಾಟಾ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ಎರಗುವ ಕಾಯಿಲೆ, ಇರಬಹುದು. ಅಂಚಿನಲ್ಲಿ ಬುಡ ಸಣ್ಣಗಾದ ಮೋಟು ಕೂದಲು ಸಿಗುತ್ತದೆ. ಅಲ್ಲಲ್ಲಿ ಕಿತ್ತಂತೆ ಹೋಗಿ, ಅಂಗೈ, ಅಂಗಾಲಿನಲ್ಲಿ ದದ್ದು ಎದ್ದಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಸೋಂಕಿನ ಪರೀಕ್ಷೆ ಬೇಕು. ವರ್ಷಗಟ್ಟಲೆ ಕೀಳಿಸಿಕೊಂಡಿದ್ದರೆ ಅದೇ ಕಾರಣವಿರಬಹುದು.

ಚರ್ಮರೋಗ ತಜ್ಞರ ಬಳಿ ಹೋಗುವಾಗ ಹುಬ್ಬಿನ ಪೆನ್ಸಿಲ್ ಬಣ್ಣ ಪೂರ್ತಿ ತೊಳೆದುಕೊಳ್ಳಿ, ಹಿಂದಿನ ಕೆಲವು ವಾರ ಥ್ರೆಡಿಂಗ್ ಮಾಡಿಸಬೇಡಿ. ಎರಡು ಮೂರು ವರ್ಷ ಹಳೆಯ ಮುಖದ ಫೋಟೊ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.