95 ಕಿಲೋ ತೂಕ, ಕಾಂಕ್ರೀಟ್ ರಸ್ತೆ, ಮೆತ್ತನೆ ಶೂ

ಮಂಗಳೂರು, 14 ಜೂನ್ 2025, ಶನಿವಾರ

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸಿದ ಪತ್ತನಾಜೆ ಕಳೆದು ಮೂರು ವಾರ. ಕರಾವಳಿಯಲ್ಲಿ ಓಟದ ಶೂ ಹಾಳಾಗುವ ಕಾಲ ಶುರುವಾಯಿತು, ಹೊಸ ಜೋಡಿ ಹುಡುಕುವ ಕಾಲವೂ ಇದೇ. ತೂಕ 90 ಕಿಲೋ ದಾಟಿದವರು ಹಂಪನಕಟ್ಟೆಯ ಯಾವ ಅಂಗಡಿಗೆ ಹೋದರೂ ಸಿಗುವ ಸಲಹೆ ಹೆಚ್ಚುಕಮ್ಮಿ ಒಂದೇ: "ನಿಮಗೆ ಇದ್ದುದರಲ್ಲಿ ತುಂಬ ಸಾಫ್ಟ್ ಇರುವುದೇ ಬೇಕು ಸರ್." ಅರ್ಧ ಮಾತ್ರ ಸರಿ.

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಒಂದೇ ಕಾಲಿನ ಮೇಲೆ ಬೀಳುತ್ತದೆ. 95 ಕಿಲೋದವರಿಗೆ ಅದು 190ರಿಂದ 285 ಕಿಲೋ ಹೇರಿದಷ್ಟು. ಹೆಬ್ಬೆರಳಿನಲ್ಲಿ ಒತ್ತಿ "ಆಹಾ, ಬೆಣ್ಣೆ" ಅನ್ನುವ ಪರೀಕ್ಷೆಗೆ ಹಾಗಾಗಿ ಅರ್ಥವೇ ಇಲ್ಲ. ಹೆಬ್ಬೆರಳಿಗೆ ಬೆಣ್ಣೆಯಾದ ಫೋಮ್ ಆ ಭಾರಕ್ಕೆ ಪೂರ್ತಿ ಅದುಮಿಹೋಗುತ್ತದೆ. ಅದುಮಲು ಇನ್ನೇನೂ ಉಳಿಯದ ಫೋಮ್ ಹಲಗೆಗೆ ಸಮ. ಕೆಳಗೆ ಕಾಂಕ್ರೀಟ್ ರಸ್ತೆ ಇದ್ದರಂತೂ ಕೇಳುವುದೇ ಬೇಡ. ಬೇಕಾದದ್ದು ದಪ್ಪವೂ ಇರುವ, ಭಾರ ಬಿದ್ದಾಗ ತಡೆದು ನಿಲ್ಲುವ ಮಿಡ್‌ಸೋಲ್, ಅಂದರೆ ಪಾದಕ್ಕೂ ಅಡಿಯ ರಬ್ಬರಿಗೂ ನಡುವಿನ ಫೋಮ್ ಪದರ.

2020ರಲ್ಲಿ ಪ್ರಕಟವಾದ ಲಕ್ಸೆಂಬರ್ಗ್‌ನ ಅಧ್ಯಯನವೊಂದರಲ್ಲಿ 848 ಹವ್ಯಾಸಿ ಓಟಗಾರರಿಗೆ ಗಟ್ಟಿ ಮತ್ತು ಮೆತ್ತನೆ ಮಿಡ್‌ಸೋಲ್‌ನ ಶೂ ಹಂಚಿ ಆರು ತಿಂಗಳು ಗಮನಿಸಿದ್ದರು. ಒಟ್ಟಾರೆ ಗಟ್ಟಿ ಶೂ ತೊಟ್ಟವರಿಗೆ ಗಾಯ ಹೆಚ್ಚು. ಆದರೆ ಮೆತ್ತನೆಯ ಲಾಭ ಸ್ಪಷ್ಟವಾಗಿ ಕಂಡದ್ದು ಹಗುರ ಮೈಯವರಲ್ಲಿ, ಭಾರದವರಲ್ಲಿ ಅಷ್ಟಿಲ್ಲ. ಎಲ್ಲರೂ ಅಂದುಕೊಂಡದ್ದಕ್ಕೆ ಉಲ್ಟಾ.

ಹೋಕಾ ಬೊಂಡೈ, ಬ್ರೂಕ್ಸ್ ಗ್ಲಿಸರಿನ್, ಆಸಿಕ್ಸ್ ಜೆಲ್-ನಿಂಬಸ್, ನ್ಯೂ ಬ್ಯಾಲೆನ್ಸ್ 1080, ಎಲ್ಲವೂ ದಪ್ಪ ಅಟ್ಟೆಯ ಜಾತಿಯವೇ. ಇವುಗಳಲ್ಲಿ ಯಾವುದು ಅನ್ನುವುದನ್ನು ಬ್ರ್ಯಾಂಡ್ ಅಲ್ಲ, ಪಾದದ ಅಗಲ ತೀರ್ಮಾನಿಸಲಿ. ಭಾರದ ಮೈ ಹೊತ್ತ ಪಾದ ನಿಂತಾಗ ಚಪ್ಪಟೆಯಾಗಿ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಕುಳಿತು ಅಳೆದರೆ ಅಳತೆ ತಪ್ಪುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಓಡುವ ಕಾಲುಚೀಲವನ್ನೇ ಹಾಕಿ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಶೂ ಒಳಗೆ ಅದಕ್ಕಿಂತ 10-12 ಮಿ.ಮೀ. ಹೆಚ್ಚು ಜಾಗ ಬೇಕು. ಎರಡೂ ಪಾದ ಅಳೆದು ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಅಂಗಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಶೂ ಹಾಕುವುದಲ್ಲ, ಒಳಗಿನ ಇನ್‌ಸೋಲ್ ಎಳೆದು ತೆಗೆಯುವುದು. ಅದನ್ನು ನೆಲದ ಮೇಲಿಟ್ಟು ಪೂರ್ತಿ ಭಾರ ಹಾಕಿ ನಿಲ್ಲಿ. ಕಿರುಬೆರಳಿನ ಬುಡದ ಮಾಂಸ ಅಂಚು ದಾಟಿ ಹೊರಗೆ ಬಿದ್ದರೆ ಆ ಅಗಲ ಸಾಲದು. ಗಂಡಸರ ಸಾಮಾನ್ಯ ಅಗಲ 'ಡಿ', ಅಗಲದ್ದು '2ಇ', ಇನ್ನೂ ಅಗಲ '4ಇ'. ಹೆಂಗಸರಲ್ಲಿ 'ಬಿ' ಸಾಮಾನ್ಯ, 'ಡಿ' ಅಗಲ. ಇಲ್ಲಿನ ಅಂಗಡಿಗಳಲ್ಲಿ 2ಇ ಎದುರಿಗೇ ಇಟ್ಟಿರುವುದು ಅಪರೂಪ, ಕೇಳಿ ತರಿಸಬೇಕು. ಅಗಲ ಸಿಗಲಿಲ್ಲವೆಂದು ಒಂದು ಸೈಜ್ ದೊಡ್ಡದು ತೆಗೆದುಕೊಂಡು ಬರುತ್ತಾರೆ. ಆಗ ಶೂ ಮಡಚುವ ಜಾಗ ಬೆರಳಿನ ಕೀಲಿಗಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಜಾರಿ ಬೊಕ್ಕೆ ಏಳುತ್ತದೆ. ಬೇಡದ ಮಂಡೆಬಿಸಿ.

ಇನ್‌ಸೋಲ್ ವಾಪಸ್ ಹಾಕಿ, ಲೇಸ್ ಬಿಗಿದು, ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಂತು ನೋಡಿ. ಹಿಂದಿನಿಂದ ಇನ್ನೊಬ್ಬರು ಗಮನಿಸಲಿ. ಫೋಮ್ ಒಂದು ಬದಿಗೆ ಕುಸಿದು ಹಿಮ್ಮಡಿ ಓರೆಯಾದರೆ ಎಷ್ಟೇ ಹಾಯೆನಿಸಿದರೂ ಬಿಡಿ. ಹಿಮ್ಮಡಿಯ ಗೂಡನ್ನು ಎರಡು ಬೆರಳಲ್ಲಿ ಹಿಂಡಿದರೆ ಅದು ಸುಲಭಕ್ಕೆ ಮಡಚಬಾರದು. ಅಟ್ಟೆಯೊಳಗೆ ಕಾರ್ಬನ್ ಪ್ಲೇಟ್ ಇರುವ ರೇಸ್ ಶೂಗಳು ಇಲ್ಲೇ ಸೋಲುವುದು: ಎತ್ತರ ಇದೆ, ಫೋಮ್ ಬಲು ಮೆತ್ತಗೆ, ಹಿಮ್ಮಡಿಯ ಬುಡ ಕಿರಿದು. ದಿನನಿತ್ಯದ ಓಟಕ್ಕೆ ಅವು ಬೇಡ.

ಡ್ರಾಪ್ ಅಂದರೆ ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ. ಹೆಚ್ಚಿದ್ದರೆ ಮೊಣಕಾಲಿಗೆ ಹೊರೆ, ಕಮ್ಮಿಯಿದ್ದರೆ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ. ಬ್ರೂಕ್ಸ್ ಘೋಸ್ಟ್‌ನಲ್ಲಿ ಬಹುಕಾಲ 12 ಮಿ.ಮೀ. ಇತ್ತು, ಹೋಕಾದ ಹಲವು ಶೂಗಳಲ್ಲಿ 4-5. ಬಾವುಟಗುಡ್ಡ, ಕದ್ರಿ, ಬಿಜೈ ಎಂದು ಹತ್ತಿ ಇಳಿಯುವುದೇ ನಮ್ಮೂರಿನ ಓಟ. ಏರಿನಲ್ಲಿ ಮೀನಖಂಡ ಮೊದಲೇ ಬಳಲುವುದರಿಂದ 8ರ ಆಸುಪಾಸಿನಲ್ಲಿ ಶುರುಮಾಡುವುದು ಕ್ಷೇಮ. ಮಂಗಳಾ ಕ್ರೀಡಾಂಗಣ ಅಥವಾ ಉಡುಪಿಯ ಅಜ್ಜರಕಾಡು ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲೇ ಓಡುವವರಿಗೆ ಈ ಚಿಂತೆ ಅಷ್ಟಿಲ್ಲ.

ಅಟ್ಟೆಯ ರಬ್ಬರ್ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಶೂ ಹಗುರ ಮಾಡಲು ಎಷ್ಟೋ ಮಾಡೆಲ್‌ಗಳಲ್ಲಿ ನಡುವೆ ಫೋಮನ್ನೇ ಬರಿದಾಗಿ ಬಿಟ್ಟಿರುತ್ತಾರೆ. ಭಾರದ ಓಟಗಾರರ ಕಾಲಡಿ ಆ ಭಾಗ ಬೇಗ ಸವೆಯುತ್ತದೆ, ಪಾಚಿ ಹಿಡಿದ ಇಂಟರ್‌ಲಾಕ್ ಕಲ್ಲುಹಾಸಿನ ಮೇಲೆ ಜಾರುತ್ತದೆ. ಹಿಮ್ಮಡಿಯ ಹೊರಬದಿಗೂ ಹೆಬ್ಬೆರಳ ಬುಡಕ್ಕೂ ರಬ್ಬರ್ ಇರಲೇಬೇಕು.

ಶೂಗೆ 500ರಿಂದ 800 ಕಿ.ಮೀ. ಆಯುಸ್ಸು ಅನ್ನುತ್ತಾರೆ. ತೂಕ ಹೆಚ್ಚಿದ್ದರೆ 500ನ್ನೇ ಹಿಡಿಯಿರಿ. ವಾರಕ್ಕೆ 20 ಕಿ.ಮೀ. ಓಡಿದರೆ 25 ವಾರ. 12,000 ರೂಪಾಯಿಯ ಶೂ ಅಂದರೆ ಕಿಲೋಮೀಟರಿಗೆ 24 ರೂಪಾಯಿ. ಹೋದ ವರ್ಷದ ಮಾಡೆಲ್ ರಿಯಾಯಿತಿಯಲ್ಲಿ ಸಿಕ್ಕಿದರೆ ಧಾರಾಳ ತೆಗೆದುಕೊಳ್ಳಬಹುದು, ಪೆಟ್ಟಿಗೆಯ ಮೇಲಿನ ತಿಂಗಳು ಮತ್ತು ವರ್ಷ ನೋಡಿಕೊಂಡರಾಯಿತು. ನಾಲ್ಕೈದು ವರ್ಷ ಗೋದಾಮಿನಲ್ಲಿ ಕೂತದ್ದಾದರೆ ಇಲ್ಲಿನ ತೇವಕ್ಕೆ ಅಂಟು ಬಿಟ್ಟಿರಬಹುದು. ಪಾಲಿಯುರೆಥೇನ್ ಅಟ್ಟೆಯಾದರೆ ಒಣ ರೊಟ್ಟಿಯಂತೆ ಪುಡಿಯಾಗುತ್ತದೆ. ಬಳಸುತ್ತಿರುವ ಶೂ ಮುಗಿದ ಲಕ್ಷಣ ಮಿಡ್‌ಸೋಲಿನ ಪಕ್ಕದಲ್ಲಿದೆ: ಭಾರ ಹಾಕದಿದ್ದರೂ ಬಿಚ್ಚಿಕೊಳ್ಳದ ಆಳವಾದ ಸುಕ್ಕುಗಳು. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಶೂ ಓರೆಯಾಗಿ ಕಂಡರೂ ಅಷ್ಟೇ.

ನೆನೆದದ್ದನ್ನು ಒಲೆಯ ಹತ್ತಿರ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಕಾವಿಗೆ ಮಿಡ್‌ಸೋಲಿನ ಈವಿಎ ಫೋಮ್ ಕುಗ್ಗುತ್ತದೆ. ಇನ್‌ಸೋಲ್ ತೆಗೆದು, ಒಳಗೆ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಫ್ಯಾನಿನ ಕೆಳಗಿಡಿ. ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ರಾತ್ರಿ ಸಾಲುವುದಿಲ್ಲ, ಎರಡು ಜೋಡಿಯಿದ್ದರೆ ಮಾತ್ರ ದಿನಾ ಓಡಲು ಸಾಧ್ಯ. ಯಾವ ಜೋಡಿ ಯಾವಾಗ ಶುರುವಾಯಿತೆನ್ನುವುದು ಮರೆಯದಂತೆ ಮೊದಲ ಓಟದ ದಿನಾಂಕವನ್ನು ಶೂವಿನ ನಾಲಿಗೆಯ ಒಳಬದಿಗೆ ಮಾರ್ಕರ್‌ನಲ್ಲಿ ಬರೆದಿಡಿ.